ವಿಕಿ ಟೆಂಪ್ಲೇಟುಗಳ ಅನಿರೀಕ್ಷಿತ ವರ್ತನೆ : ಒಂದು ಐತಿಹಾಸಿಕ ವಿವೇಚನೆ

ವಿಕಿಪೀಡಿಯದ ಪುಟವೊಂದರ ಹಳೆಯ ಆವೃತ್ತಿಯನ್ನು ತೆರೆದಾಗ, ಅಂದಿನ ಓದುಗನು ಕಂಡುದೇ ಇಂದು ನಮಗೂ ಕಾಣುತ್ತದೆಂಬ ಭಾವನೆ ಸಹಜವಾದುದು. ಆದರೆ ಇದು ಸರ್ವಾಂಶದಲ್ಲಿ ಸತ್ಯವಲ್ಲ. ಪುಟದ ಪಠ್ಯ ಅಂದಿನದಾದರೂ ಅದರೊಳಕ್ಕೆ ಬಂದು ಸೇರುವ ಟೆಂಪ್ಲೇಟುಗಳು ಇಂದಿನ ರೂಪದಲ್ಲಿಯೇ ಸೇರುತ್ತವೆ. ಅಳಿಸಿಹೋದ ಟೆಂಪ್ಲೇಟಿದ್ದ ಕಡೆ ಕೆಂಪು ಕೊಂಡಿಯೊಂದು ಮಾತ್ರ ಉಳಿದಿರುತ್ತದೆ. ತಾಳೆಯೋಲೆಯ ಪ್ರತಿಯಲ್ಲಿ ಇಂತಹ ಸಂದೇಹಕ್ಕೆ ಎಡೆಯಿಲ್ಲ. ಆದಕಾರಣ ಟೆಂಪ್ಲೇಟಿನ ಇತಿಹಾಸವನ್ನು ಅರಿಯುವುದು ಸಂಪಾದಕನಿಗೆಂತೋ ಸಂಶೋಧಕನಿಗೂ ಅಂತೆಯೇ ಅವಶ್ಯಕವೆಂದು ನಾವು ಭಾವಿಸುತ್ತೇವೆ.

ವಾರ್ಡ್ ಕನ್ನಿಂಗ್‌ಹ್ಯಾಮ್ ೧೯೯೫ರಲ್ಲಿ ಮೊದಲ ವಿಕಿಯನ್ನು ತೆರೆದರು. ೨೦೦೧ರಲ್ಲಿ ಆರಂಭವಾದ ವಿಕಿಪೀಡಿಯ ಬೆಳೆದಂತೆ, ಒಂದೇ ಸೂಚನೆಯನ್ನು ಹಲವು ಪುಟಗಳಲ್ಲಿ ಬರೆಯಬೇಕಾದ ಸಂದರ್ಭ ಒದಗಿತು. ಮೊದಲು ಅಂತಹ ತುಣುಕುಗಳನ್ನು ತಂತ್ರಾಂಶದ ಸ್ವಂತ ಸಂದೇಶಗಳಿಗೆ ಮೀಸಲಾದ ಸ್ಥಳದಲ್ಲಿಯೇ ಇರಿಸುತ್ತಿದ್ದರು. ೨೦೦೪ರಲ್ಲಿ ಹೊರಬಂದ ಮೀಡಿಯಾವಿಕಿ ೧.೩ರಲ್ಲಿ ಇವುಗಳಿಗೆ ಪ್ರತ್ಯೇಕ ನೆಲೆ ದೊರೆಯಿತು. ೨೦೦೩ರಲ್ಲಿ ಆರಂಭಗೊಂಡಿದ್ದ ಕನ್ನಡ ವಿಕಿಪೀಡಿಯದಲ್ಲಿ ಆ ನೆಲೆಗೆ ‘ಟೆಂಪ್ಲೇಟು’ ಎಂಬ ಹೆಸರೇ ನಿಂತಿತು.

ಟೆಂಪ್ಲೇಟಿಗೆ ಒದಗಿಸುವ ವಿವರಗಳಿಗೆ ನಿಯತಾಂಕಗಳೆಂದು ಹೆಸರು. ಇವು ಹೆಸರುಳ್ಳವು, ಹೆಸರಿಲ್ಲದವು ಎಂದು ಎರಡು ಬಗೆ. ಹೆಸರುಳ್ಳ ನಿಯತಾಂಕದ ಅಂಚಿನ ಖಾಲಿಜಾಗವನ್ನು ಯಂತ್ರವು ಕಳೆಯುತ್ತದೆ. ಹೆಸರಿಲ್ಲದುದರಲ್ಲಿ ಹಾಗೆಯೇ ಉಳಿಸುತ್ತದೆ. ವಿಕಿಯಲ್ಲಿ ಖಾಲಿಜಾಗದಿಂದ ತೊಡಗುವ ಸಾಲು ಚೌಕಟ್ಟಿನೊಳಗಿನ ಬೇರೆಯ ಅಕ್ಷರವಿನ್ಯಾಸವನ್ನು ಪಡೆಯುವುದರಿಂದ, ಕಣ್ಣಿಗೆ ಬೀಳದ ಈ ಅಂತರವೇ ಪುಟವನ್ನು ಕೆಡಿಸಬಲ್ಲುದು. ಇನ್ನೂ ಗಂಭೀರವಾದುದು ಸಮಚಿಹ್ನೆಯ ದೋಷ. ಹೆಸರಿಲ್ಲದ ನಿಯತಾಂಕವಾಗಿ ಕೊಟ್ಟ ಜಾಲವಿಳಾಸದಲ್ಲಿ ಸಮಚಿಹ್ನೆಯಿದ್ದರೆ ಅದರ ಹಿಂದಿನ ಭಾಗವನ್ನೆಲ್ಲ ಯಂತ್ರವು ಹೆಸರೆಂದು ಗ್ರಹಿಸುತ್ತದೆ. ಯಾವ ಎಚ್ಚರಿಕೆಯೂ ಇಲ್ಲದೆ ಆಧಾರವೊಂದು ಮರೆಯಾಗುತ್ತದೆ. ನಿಯತಾಂಕಕ್ಕೆ ಅದರ ಸ್ಥಾನದ ಸಂಖ್ಯೆಯನ್ನೇ ಹೆಸರಾಗಿ ಕೊಡುವುದು ಇದಕ್ಕೆ ಪರಿಹಾರ.

ಷರತ್ತನ್ನು ಪರೀಕ್ಷಿಸುವ ಸಾಧನವು ಆರಂಭದಲ್ಲಿ ಇರಲಿಲ್ಲ. ಸಂಪಾದಕರು ಟೆಂಪ್ಲೇಟಿನೊಳಗೆ ಟೆಂಪ್ಲೇಟನ್ನು ಹೆಣೆದು ಆ ಕಾರ್ಯವನ್ನು ಸಾಧಿಸುತ್ತಿದ್ದರು. ೨೦೦೬ರಲ್ಲಿ ಟಿಮ್ ಸ್ಟಾರ್ಲಿಂಗ್ ರಚಿಸಿದ ವಿಸ್ತರಣೆಯು ಷರತ್ತನ್ನೂ ಲೆಕ್ಕವನ್ನೂ ಒದಗಿಸಿತು. ಆದರೆ ಆ ಲೆಕ್ಕದ ಸಾಧನಕ್ಕೆ ಕನ್ನಡದ ಅಂಕಿಗಳು ತಿಳಿಯವು. ಶಾಸನದ ಕಾಲವನ್ನು ‘೧೧೧೭’ ಎಂದು ಕೊಟ್ಟರೆ ದೋಷಸೂಚನೆ ಬರುತ್ತದೆ. ೨೦೧೩ರಲ್ಲಿ ಲುವಾ ಭಾಷೆ ಬಳಕೆಗೆ ಬಂದ ಮೇಲೆ ಅನೇಕ ಟೆಂಪ್ಲೇಟುಗಳ ತಿರುಳು ಮಾಡ್ಯೂಲುಗಳಿಗೆ ಸರಿಯಿತು. ಇಂಗ್ಲಿಷ್ ವಿಕಿಪೀಡಿಯದಿಂದ ಟೆಂಪ್ಲೇಟನ್ನಷ್ಟೇ ತಂದು ಮಾಡ್ಯೂಲನ್ನು ತಾರದಿದ್ದರೆ ಕನ್ನಡದ ಪುಟದಲ್ಲಿ ದೋಷದ ವಾಕ್ಯವೊಂದೇ ಮೂಡುವುದು.

ಇದರಿಂದ ಶೋಧನೆಯ ಕ್ರಮವೂ ವಿದಿತವಾಗುತ್ತದೆ. ಮೊದಲು ಪುಟದ ಚರಿತ್ರೆಯನ್ನೂ ಟೆಂಪ್ಲೇಟಿನ ಚರಿತ್ರೆಯನ್ನೂ ತಾರೀಖಿನಂತೆ ಹೋಲಿಸಬೇಕು. ಪುಟವು ಬದಲಾಗದೆಯೇ ರೂಪ ಕೆಟ್ಟಿದ್ದರೆ ಕಾರಣವನ್ನು ಟೆಂಪ್ಲೇಟಿನಲ್ಲಿ, ಅಥವಾ ಅದು ಅವಲಂಬಿಸಿದ ಟೆಂಪ್ಲೇಟು ಮಾಡ್ಯೂಲುಗಳಲ್ಲಿ ಅರಸಬೇಕು. ಸಂಪಾದನಾ ಪೆಟ್ಟಿಗೆಯ ಕೆಳಗಿನ ಪಟ್ಟಿಯು ಇವೆಲ್ಲವನ್ನೂ ತೋರಿಸುತ್ತದೆ. ಬಳಿಕ ಮುನ್ನೋಟದಲ್ಲಿ ನಿಯತಾಂಕಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಬೇಕು. ತಿದ್ದಿದ ತರುವಾಯವೂ ಹಳೆಯ ರೂಪವೇ ಕಂಡರೆ ಗಾಬರಿಪಡಬೇಕಾಗಿಲ್ಲ. ಬಹಳ ಪುಟಗಳಲ್ಲಿ ಬಳಕೆಯಾಗುವ ಟೆಂಪ್ಲೇಟಿನ ತಿದ್ದುಪಡಿ ಎಲ್ಲೆಡೆ ಹಬ್ಬಲು ಕಾಲ ಹಿಡಿಯುತ್ತದೆ.

ಹೀಗೆ ಟೆಂಪ್ಲೇಟಿನ ಒಂದೊಂದು ವಕ್ರತೆಯ ಹಿಂದೆಯೂ ಒಂದು ಕಾರಣವಿದೆ. ಹಲವು ವಕ್ರತೆಗಳು ಅದರ ಬೆಳೆವಣಿಗೆಯ ಒಂದೊಂದು ಘಟ್ಟದ ಗುರುತುಗಳೇ ಆಗಿವೆ. ವಿಕಿಯ ಹಳೆಯ ಆವೃತ್ತಿಯನ್ನು ಪ್ರಮಾಣವಾಗಿ ಉದಾಹರಿಸುವವರು ಅದರ ಮೂಲಪಠ್ಯವನ್ನು ತೆರೆದು ನೋಡಿ, ಅಂದಿದ್ದ ಟೆಂಪ್ಲೇಟಿನ ಆವೃತ್ತಿಯನ್ನೂ ತಾರೀಖುಸಹಿತ ನಮೂದಿಸುವುದು ಯುಕ್ತ. ಇಲ್ಲವಾದರೆ ಇಂದಿನ ರೂಪವನ್ನೇ ಅಂದಿನ ಸಾಕ್ಷ್ಯವೆಂದು ಮುಂದಿಟ್ಟಂತಾಗುವುದು.