ಬಿಕ್ಕಲಂ ಯಾರದು?

ಹಳೇ ಮೈಸೂರು ಸೀಮೆಯ ಕ್ರಯಪತ್ರಗಳ ಕೊನೆಯ ಪುಟದಲ್ಲಿ, ಸಾಕ್ಷಿಗಳ ರುಜುವಿನ ಹತ್ತಿರ, ‘ಬಿಕ್ಕಲಂ’ ಎಂಬ ಒಕ್ಕಣೆಯ ಮುಂದೆ ಒಂದು ಹೆಸರು ಕಾಣುತ್ತದೆ. ಅದು ಜಮೀನು ಮಾರಿದವನದಲ್ಲ, ಕೊಂಡವನದೂ ಅಲ್ಲ, ಪತ್ರ ಬರೆದುಕೊಟ್ಟವನದು. ಮುಂದೆ ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಹುಟ್ಟಿ ಪತ್ರ ಕೋರ್ಟಿನ ಮೆಟ್ಟಿಲು ಹತ್ತಿದರೆ ಆತನನ್ನೂ ಕರೆಸಿ ಕಟಕಟೆಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಇದು ನಿನ್ನ ಕೈಬರಹವೇ? ಬರೆಯುವಾಗ ಎರಡೂ ಕಡೆಯವರು ಎದುರಿಗಿದ್ದರೇ? ಅವರಿಗೆ ಓದಿ ಹೇಳಿದೆಯಾ?

ಬಾಡಿಗೆ ಕರಾರು, ಲೀಗಲ್ ನೋಟಿಸು, ವಿಲ್ಲು, ಕ್ರಯಪತ್ರ ಎಲ್ಲವನ್ನೂ ಈಗ ಎಐ ಸಾಧನಗಳು ನಿಮಿಷದಲ್ಲಿ ಬರೆದು ಮುಂದಿಡುತ್ತವೆ. ಈ ಪ್ರಶ್ನೆಗಳನ್ನು ಯಾರಿಗೆ ಕೇಳಬೇಕು ಎಂಬುದು ಮಾತ್ರ ಆ ಕರಡಿನಲ್ಲಿ ಇರುವುದಿಲ್ಲ.

ಪತ್ರ ಬರೆದವನು ಹೆಸರು ಹಾಕುವ ರೂಢಿ ಬಹಳ ಹಿಂದಿನದು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ನಾವು ಕನ್ನಡದ ಹಿರಿಮೆಗಾಗಿ ನೆನೆಯುತ್ತೇವೆ. ಅದು ಒಂದು ದಾನಪತ್ರವೂ ಹೌದು. ಕೊಟ್ಟ ಊರುಗಳಾದ ಪಲ್ಮಿಡಿ, ಮೂಳಿವಳ್ಳಿಗಳ ಹೆಸರು, ಪಡೆದ ವಿಜ ಅರಸನ ಹೆಸರು, ಕಸಿದುಕೊಂಡವರಿಗೆ ಮಹಾಪಾಪ ತಟ್ಟುತ್ತದೆಂಬ ಎಚ್ಚರಿಕೆ ಎಲ್ಲ ಅದರಲ್ಲಿವೆ. ಮುಂದಿನ ಶತಮಾನಗಳ ದಾನಶಾಸನಗಳು ಇನ್ನಷ್ಟು ಬಿಗಿಯಾದವು. ನಾಲ್ಕು ದಿಕ್ಕಿನ ಎಲ್ಲೆಗಳನ್ನು ಮರ, ಹುತ್ತ, ಹಳ್ಳ, ನೆಟ್ಟ ಕಲ್ಲುಗಳ ಗುರುತಿನೊಂದಿಗೆ ಬರೆಸಿದರು. ಎಷ್ಟೋ ಶಾಸನಗಳ ಕೊನೆಯಲ್ಲಿ ಸಾಕ್ಷಿಗಳು, ಬರೆದ ಸೇನಬೋವ, ಕಂಡರಿಸಿದ ರೂವಾರಿ ಎಲ್ಲರ ಹೆಸರೂ ಉಂಟು. ಕೃಷ್ಣದೇವರಾಯನ ತಾಮ್ರಪಟಗಳಲ್ಲಿ ರಚಿಸಿದವನು ಸಭಾಪತಿ, ಕೆತ್ತಿದವನು ಮಲ್ಲಣನ ಮಗ ವೀರಣಾಚಾರ್ಯ ಎಂದು ಸ್ಪಷ್ಟವಾಗಿ ನಮೂದಾಗಿದೆ. ಕೊನೆಗೆ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ. ಸಾಮ್ರಾಟನ ದಾನವಾದರೂ ಬರೆದವನ ಹೆಸರು ಬಿಡುವಂತಿರಲಿಲ್ಲ.

ಸಿದ್ಧ ಮಾದರಿ ನೋಡಿ ಪತ್ರ ಬರೆಯುವುದೂ ಹೊಸದಲ್ಲ. ವಿಜಯನಗರ ಕಾಲದ ದಾನಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಸಾಲು ಮತ್ತೆ ಮತ್ತೆ ಬರುತ್ತದೆ. ನೆಲದೊಳಗೆ ಹೂತಿಟ್ಟದ್ದು, ಹರಿಯುವ ನೀರು, ಕಲ್ಲು, ಈಗಿರುವ ಆದಾಯ, ಮುಂದೆ ಬರಬಹುದಾದ ಆದಾಯ, ಯಾವುದೂ ಕೊಟ್ಟವನ ಬಳಿ ಉಳಿಯಬಾರದೆಂಬ ಮುಂದಾಲೋಚನೆ ಅದು. ಅದೇ ಸಾಲು ಹಳ್ಳಿಯ ಮೂವತ್ತು ಗುಂಟೆ ಜಮೀನಿನ ಕ್ರಯಪತ್ರದಲ್ಲೂ ಇಂದಿಗೂ ಬಂದು ಕೂರುತ್ತದೆ. ಒಂದು ಮಾತು ಐದು ಶತಮಾನ ಕೈಯಿಂದ ಕೈಗೆ ದಾಟಿ ಉಳಿದಿದ್ದರೆ ಅದಕ್ಕೆ ಬರಹಗಾರರ ನಕಲು ಮಾಡುವ ಅಭ್ಯಾಸವೇ ಕಾರಣ. ಆದ್ದರಿಂದ ಯಂತ್ರ ಹಳೆಯ ಪತ್ರಗಳನ್ನು ನೋಡಿ ಹೊಸದನ್ನು ಹೆಣೆಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ಸೇನಬೋವನೂ ಅದನ್ನೇ ಮಾಡುತ್ತಿದ್ದ.

ಸೇನಬೋವನ ಕೆಲಸ ಮುಂದೆ ಶಾನುಭೋಗರಿಗೆ ಬಂತು. ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದ ಲೆಕ್ಕಪತ್ರಗಳು ಶೃಂಗೇರಿ ಮಠದಲ್ಲಿ ಇಂದಿಗೂ ಇವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕೇ ಬೇಕು ಎಂದಿತು. ಬ್ರಿಟಿಷ್ ಪ್ರಾಂತ್ಯಗಳ ಈ ಕ್ರಮವನ್ನು ಮೈಸೂರು ಸಂಸ್ಥಾನವೂ ಮುಂದೆ ತನ್ನದಾಗಿಸಿಕೊಂಡಿತು. 1908ರ ನೋಂದಣಿ ಕಾಯ್ದೆ, ಪತ್ರದಲ್ಲಿ ಸ್ವತ್ತನ್ನು ಗುರುತಿಸುವಷ್ಟು ವಿವರ ಇರಲೇಬೇಕೆಂದು ವಿಧಿಸಿತು. ಶಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾಯಿತು. ಅಷ್ಟರಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಮೇಜು ಹಾಕಿ ಕೂತ ಪತ್ರ ಬರಹಗಾರರದೇ ಒಂದು ಕಸುಬು ಬೇರೂರಿತ್ತು.

ಆ ಮೇಜಿನ ಮುಂದೆ ನಡೆಯುತ್ತಿದ್ದ ಮಾತುಕತೆಯೇ ಪತ್ರದ ಅರ್ಧ ಕೆಲಸ. ಅನುಭವಿ ಬರಹಗಾರ ಮೊದಲು ಪಹಣಿ, ಮೂಲಪತ್ರ, ಋಣಭಾರ ಪತ್ರ ಕೇಳುತ್ತಾನೆ. ಸ್ವತ್ತು ಸ್ವಯಾರ್ಜಿತವೋ ಪಿತ್ರಾರ್ಜಿತವೋ? ಪಿತ್ರಾರ್ಜಿತವಾದರೆ ಪಾಲುಪಟ್ಟಿ ಆಗಿದೆಯೇ? ಅಕ್ಕತಂಗಿಯರು ಎಷ್ಟು ಜನ, ಅವರ ರುಜು ಬೇಡವೇ? ಖರಾಬು ಸೇರಿ ಎಷ್ಟು ಗುಂಟೆ? ಆಮೇಲೆ ಚೆಕ್ಕುಬಂದಿಗೆ ಬರುತ್ತಾನೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಓಣಿಯೋ ಹಳ್ಳವೋ, ಆ ಓಣಿಯಲ್ಲಿ ಗಾಡಿ ಓಡಾಡಲು ಹಕ್ಕಿದೆಯೋ? ಮಾರುವವರು ತಡವರಿಸಿದರೆ ‘ಊರಿಗೆ ಹೋಗಿ ನೋಡ್ಕೊಂಡು ಬನ್ನಿ, ಗುರುವಾರ ಬರೆಯೋಣ’ ಎಂದು ವಾಪಸು ಕಳಿಸುವುದೂ ಉಂಟು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದು, ತಿದ್ದಿದ ಕಡೆ ರುಜು ಹಾಕಿಸುವುದು, ಕೊನೆಗೆ ಎಲ್ಲರೆದುರು ಪತ್ರವನ್ನು ದನಿ ಎತ್ತರಿಸಿ ಓದುವುದು ಇವೆಲ್ಲ ಕೋರ್ಟಿನ ಪೆಟ್ಟು ತಿಂದು ತಿಂದು ರೂಪುಗೊಂಡ ಪದ್ಧತಿಗಳು. ಅಕ್ಷರ ಬಾರದ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತುವ ಮೊದಲು ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಕಿವಿಯಾರೆ ಕೇಳಿಸಿಕೊಳ್ಳುವ ಅವಕಾಶ ಆ ಓದಿನಲ್ಲಿತ್ತು.

ಎಲ್ಲ ಬರಹಗಾರರೂ ಸಂಭಾವಿತರಾಗಿದ್ದರೆಂದು ಹೇಳಲಾಗದು. ಖೊಟ್ಟಿ ಪತ್ರಗಳನ್ನು ಬರೆದ ಕೈಗಳೂ ಇದ್ದವು. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಜಾಲ ಛಾಪಾ ಕಾಗದವನ್ನೇ ನಕಲಿ ಮಾಡಿತ್ತು. ಆ ಹಗರಣದ ನಂತರ ಕರ್ನಾಟಕದಲ್ಲಿ ಛಾಪಾ ಕಾಗದದ ಮಾರಾಟ ನಿಂತು ಇ-ಸ್ಟಾಂಪಿಂಗ್ ಬಂತು. ಕೈಬರಹ ಹೋಗಿ ಟೈಪ್‌ರೈಟರ್, ಟೈಪ್‌ರೈಟರ್ ಹೋಗಿ ನುಡಿ, ಬರಹ ತಂತ್ರಾಂಶಗಳ ಡಿಟಿಪಿ ಅಂಗಡಿಗಳು ಬಂದವು. ಹಿಂದಿನವರ ಪತ್ರವನ್ನೇ ತೆರೆದು ಹೆಸರು ಬದಲಿಸುವ ಚಾಳಿ ಶುರುವಾದದ್ದು ಅಲ್ಲಿಯೇ. ಯಾರದೋ ತಂದೆಯ ಹೆಸರು ಮತ್ಯಾರದೋ ಪತ್ರದಲ್ಲಿ ಉಳಿದು, ತಿದ್ದುಪಡಿ ಪತ್ರಕ್ಕಾಗಿ ಅಲೆಯುವ ಪಾಡೂ ಅದರ ಹಿಂದೆಯೇ ಬಂತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗ ಆಗಿದ್ದು ಇದಕ್ಕಿಂತ ದೊಡ್ಡ ಪಲ್ಲಟ. ಇಂಥ ಮಾದರಿಗಳು ಅಪಾರ ಪಠ್ಯವನ್ನು ನೋಡಿ, ಒಂದು ಮಾತಿನ ನಂತರ ಯಾವ ಮಾತು ಬಂದರೆ ಒಪ್ಪುತ್ತದೆ ಎಂದು ಲೆಕ್ಕ ಹಾಕಿ ಬರೆಯುತ್ತವೆ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡುವ ಬದಲು ಎಷ್ಟೋ ಸಲ ನಂಬುವಂಥ ಏನನ್ನಾದರೂ ತುಂಬಿಬಿಡುತ್ತವೆ. ನ್ಯೂಯಾರ್ಕಿನ ಮಾಟಾ ವಿರುದ್ಧ ಏವಿಯಾಂಕಾ ಮೊಕದ್ದಮೆಯಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಆ ತೀರ್ಪುಗಳು ಯಾವ ಕೋರ್ಟಿನಲ್ಲೂ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5,000 ಡಾಲರ್ ದಂಡ ಹಾಕಿದ್ದಲ್ಲದೆ, ಸುಳ್ಳು ತೀರ್ಪುಗಳ ಕರ್ತೃಗಳೆಂದು ಯಾವ ನ್ಯಾಯಾಧೀಶರ ಹೆಸರು ಬಳಸಲಾಗಿತ್ತೋ ಅವರಿಗೆಲ್ಲ ಪತ್ರ ಬರೆದು ತಿಳಿಸಬೇಕೆಂದೂ ಆದೇಶಿಸಿದರು.

ಬೆಂಗಳೂರಿಗೂ ಈ ಬಿಸಿ ತಟ್ಟಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನಲ್ಲಿ ಕೊಟ್ಟ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಉಲ್ಲೇಖವಾಗಿ, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಧೀನ ನ್ಯಾಯಾಲಯಗಳಲ್ಲಿ ಎಐ ಬಳಕೆಗೆ ಕಟ್ಟುನಿಟ್ಟಿನ ನೀತಿಯನ್ನು ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಪ್ರಕಟಿಸಿತು.

ಕನ್ನಡದ ಪತ್ರಗಳಿಗೆ ಇನ್ನೊಂದು ತೊಡಕಿದೆ. ಹಳೆಯ ನೋಂದಣಿ ಪುಸ್ತಕಗಳು ಕೈಬರಹದವು. ನುಡಿ ಕಾಲದ ಬಹುಪಾಲು ಪತ್ರಗಳು ಯೂನಿಕೋಡಿನಲ್ಲಿಲ್ಲ. ಅವನ್ನು ಯಂತ್ರ ಸುಲಭವಾಗಿ ಓದಲಾರದು. ಚೆಕ್ಕುಬಂದಿ, ಖರಾಬು, ಭೋಗ್ಯ, ಹಕ್ಕು ಖುಲಾಸೆಗಳ ಹಿಂದಿನ ನೂರಾರು ವರ್ಷಗಳ ತಿಳಿವಳಿಕೆ ಅದರ ಪಾಲಿಗೆ ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆ.

ಪತ್ರಗಳ ನೋಂದಣಿಗೆ 2023ರಲ್ಲಿ ಬಂದ ಕಾವೇರಿ 2.0 ಆನ್‌ಲೈನ್ ವ್ಯವಸ್ಥೆಯಲ್ಲಿ ಜನ ತಾವೇ ಕರಡು ಪತ್ರವನ್ನು ಅಪ್‌ಲೋಡ್ ಮಾಡಬಹುದು. ಮಧ್ಯವರ್ತಿಗಳ ಕಾಟ ತಪ್ಪಿಸುವ ಒಳ್ಳೆಯ ಹೆಜ್ಜೆ ಅದು. ಕರಡನ್ನು ಯಂತ್ರದಿಂದ ಬರೆಸಿದ್ದರೆ ಹಾಗೆಂದು ನಮೂದಿಸಿ, ಓದಿ ತಾಳೆ ನೋಡಿದವರ ಹೆಸರು, ರುಜು ಕಡ್ಡಾಯ ಮಾಡುವ ಒಂದು ಕಲಂ ಅಲ್ಲಿ ಸೇರಬೇಕು. ಏಕೆಂದರೆ ಮಾರುವವನಿಗೆ ಹಕ್ಕಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಸಬ್ ರಿಜಿಸ್ಟ್ರಾರ್ ಅಧಿಕಾರವಲ್ಲ. ಪೂರ್ವದ ಎಲ್ಲೆ ಪಶ್ಚಿಮಕ್ಕೆ ಬಿದ್ದಿದ್ದರೆ ಅದು ಗೊತ್ತಾಗುವುದು ಹತ್ತಾರು ವರ್ಷಗಳ ಮೇಲೆ, ಮಕ್ಕಳು ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಅಥವಾ ಪಕ್ಕದವರು ಬೇಲಿ ಸರಿಸಿದಾಗ.