ಜಾಮಿಯಾ ಅಂದರೆ ಯಾರನ್ನೆಲ್ಲ ಕೂಡಿಸಿದ್ದು?

ಹೈದರಾಬಾದಿನ ಕಾಚಿಗುಡದಿಂದ ಸಿಕಂದರಾಬಾದಿಗೆ ಹೋಗುವ ರೈಲು ದಾರಿಯಲ್ಲಿ 'ಜಾಮಿಯಾ ಉಸ್ಮಾನಿಯಾ' ಅನ್ನುವ ಸಣ್ಣ ನಿಲ್ದಾಣ ಇದೆ. ಊರಿಂದ ಬರುವ ನಮ್ಮ ನೆಂಟರು ಅದನ್ನು ಯಾವುದೋ ಮಸೀದಿಯ ಹೆಸರು ಅಂದುಕೊಳ್ಳುತ್ತಾರೆ. ಅದು ಉಸ್ಮಾನಿಯಾ ವಿಶ್ವವಿದ್ಯಾಲಯದ ಉರ್ದು ಹೆಸರು. ಇಂಗ್ಲಿಷಿನ 'ಯೂನಿವರ್ಸಿಟಿ'ಗೆ ಉರ್ದುವಿನಲ್ಲಿ 'ಜಾಮಿಯಾ' ಅನ್ನುತ್ತಾರೆ.

ಪದ ಅರಬ್ಬಿಯದು. 1908ರಲ್ಲಿ ಕೈರೋದಲ್ಲಿ ಹೊಸ ಮಾದರಿಯ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿನವರು ಬಳಸಿದ್ದೂ ಇದನ್ನೇ. ಇದರ ಮೂಲ ಧಾತುವಿನ ಅರ್ಥ 'ಕೂಡಿಸು'. ನಮಗೆ ಇದೇನೂ ಪರಕೀಯವಲ್ಲ ನೋಡಿ. ಶುಕ್ರವಾರ ಜನ ಕೂಡುವ ಜಾಮಿಯಾ ಮಸೀದಿ, ನಮ್ಮ ಲೆಕ್ಕದ ಪುಸ್ತಕದ ಜಮಾ-ಖರ್ಚು, ಕಂದಾಯ ಇಲಾಖೆಯ ಜಮಾಬಂದಿ, ಸಂತೆಯಲ್ಲಿ ಜನ ಜಮಾಯಿಸುವುದು, ಎಲ್ಲಾ ಒಂದೇ ಬೇರಿನ ಚಿಗುರು.

ಕನ್ನಡದಲ್ಲಿ ನಾವು 'ವಿಶ್ವವಿದ್ಯಾಲಯ' ಅಂತ ಮಾಡಿಕೊಂಡೆವು. ಅದರಲ್ಲಿ ಒತ್ತು ಇರುವುದು ವಿದ್ಯೆಯ ಮೇಲೆ. ಆದರೆ ಯುರೋಪಿನಲ್ಲಿ ಆ ಲ್ಯಾಟಿನ್ ಪದ ಮೊದಲು ಹೇಳುತ್ತಿದ್ದದ್ದು ಗುರುಗಳು, ಶಿಷ್ಯರು ಸೇರಿ ಕಟ್ಟಿಕೊಂಡ ಕೂಟವನ್ನು. ಹಾಗೆ ನೋಡಿದರೆ ಜನ ಕೂಡುವುದನ್ನು ಹೇಳುವ ಉರ್ದುವಿನ ಪದವೇ ಮೂಲಕ್ಕೆ ಹತ್ತಿರ.

ಸರಿ, ಈ ಜಾಮಿಯಾ ಯಾರನ್ನು ಕೂಡಿಸಿತು?

1917ರಲ್ಲಿ ಅಕ್ಬರ್ ಹೈದರಿಯವರು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ ಒಂದು ಮನವಿ ಕೊಟ್ಟರು. ಪರಭಾಷೆಯಲ್ಲಿ ಕಲಿತರೆ ಹುಡುಗರ ಶಕ್ತಿಯೆಲ್ಲ ಭಾಷೆಯೊಂದಿಗೆ ಗುದ್ದಾಡುವುದರಲ್ಲೇ ಸವೆದುಹೋಗುತ್ತದೆ, ದೇಶಭಾಷೆಯಲ್ಲೇ ಉನ್ನತ ಶಿಕ್ಷಣ ಕೊಡಬೇಕು ಅನ್ನುವುದು ಅವರ ವಾದ. 1918ರಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಇಂಗ್ಲಿಷ್ ಕಡ್ಡಾಯ ವಿಷಯವಾಗಿ ಉಳಿಯಿತು, ಪಾಠ ಮಾತ್ರ ಉರ್ದುವಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ 'ದಾರುಲ್ ತರ್ಜುಮಾ' ಅನ್ನುವ ಅನುವಾದ ಕಚೇರಿ ತೆರೆದಿದ್ದರು. ಮೊದಲಿಗೆ ಅದನ್ನು ನಡೆಸಿದವರು ಮೌಲ್ವಿ ಅಬ್ದುಲ್ ಹಕ್. ಗಣಿತ, ಇತಿಹಾಸ, ಕಾನೂನು, ವೈದ್ಯ, ಇಂಜಿನಿಯರಿಂಗ್ ಅಂತ ನೂರಾರು ಪುಸ್ತಕ ಅಲ್ಲಿಂದ ಬಂದವು.

ಒಂದೊಂದು ಪದಕ್ಕೂ ಅಲ್ಲಿ ಚರ್ಚೆ. ಅರ್ಥಶಾಸ್ತ್ರ 'ಮಾಶಿಯಾತ್' ಆಯಿತು, ಸಸ್ಯಶಾಸ್ತ್ರ 'ನಬಾತಿಯಾತ್' ಆಯಿತು. ಎಲ್ಲದಕ್ಕೂ ಅರಬ್ಬಿಗೇ ಹೋಗಬೇಕೋ, ಆಡುಮಾತಿನ ಪದಗಳನ್ನೂ ಸೇರಿಸಬೇಕೋ ಅಂತ ಪಂಡಿತರಲ್ಲಿ ಎರಡು ಪಕ್ಷ. ವಹೀದುದ್ದೀನ್ ಸಲೀಮರು 1921ರಲ್ಲಿ ಪದ ಕಟ್ಟುವ ಬಗೆಯನ್ನೇ ಕುರಿತು ಒಂದು ಗ್ರಂಥ ಬರೆದರು. ಅರಬ್ಬಿಯ ಬದಲು ಸಂಸ್ಕೃತ ಅಂತ ಇಟ್ಟುಕೊಳ್ಳಿ, ಅದು ನಮ್ಮ ಪಾರಿಭಾಷಿಕ ಪದಗಳ ಜಗಳವೇ. ಒಂದು ಮಾತು ಮಾತ್ರ ಒಪ್ಪಲೇಬೇಕು. ಭಾರತೀಯ ಭಾಷೆಯಲ್ಲಿ ಡಾಕ್ಟರಿಕೆ ಕಲಿಸಲು ಆಗೋದಿಲ್ಲ ಅನ್ನುವವರಿಗೆ ಇವರು ಆಗಲೇ ಮಾಡಿ ತೋರಿಸಿದ್ದರು. ನಮ್ಮ ಮೈಸೂರು ವಿಶ್ವವಿದ್ಯಾಲಯ 1916ರಲ್ಲೇ ಬಂದಿತ್ತು, ಆದರೆ ಅಲ್ಲಿ ಪಾಠ ನಡೆದದ್ದು ಇಂಗ್ಲಿಷಿನಲ್ಲಿ.

ಆದರೆ 'ದೇಶಭಾಷೆ' ಯಾರ ಭಾಷೆ? ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗರು ಹೆಚ್ಚುಕಡಿಮೆ ಅರ್ಧ, ಮರಾಠಿಗರು ಕಾಲುಭಾಗ, ಬೀದರ್, ಕಲಬುರಗಿ, ರಾಯಚೂರಿನ ಕಡೆಯ ನಾವು ಸುಮಾರು ಎಂಟನೇ ಒಂದು. ಉರ್ದು ಮನೆಮಾತಾಗಿದ್ದವರು ನಮಗಿಂತಲೂ ಕಡಿಮೆ. ಪರಭಾಷೆಯ ಹೊರೆ ಬೇಡ ಅಂದವರು ಇಂಗ್ಲಿಷಿನ ಹೊರೆ ಇಳಿಸಿದರು. ಕನ್ನಡದ ಹುಡುಗನ ತಲೆ ಮೇಲೆ ಉರ್ದುವಿನ ಹೊರೆ ಹಾಗೇ ಉಳಿಯಿತು.

ನಮ್ಮ ಸೋದರಮಾವ 1940ರ ದಶಕದಲ್ಲಿ ಕಲಬುರಗಿಯಲ್ಲಿ ಉರ್ದುವಿನಲ್ಲೇ ಮೆಟ್ರಿಕ್ ಮಾಡಿದವರು. ಕಿರಾಣಿ ಚೀಟಿ ಕೂಡಿಸುವಾಗಲೂ ಅವರ ಬಾಯಲ್ಲಿ "ಸಾತ್ ಜಮಾ ಪಾಂಚ್" ಅಂತಲೇ ಬರುತ್ತಿತ್ತು. ಉರ್ದುವಿನಲ್ಲಿ ಕೂಡುವ ಲೆಕ್ಕಕ್ಕೂ 'ಜಮಾ' ಅಂತಲೇ ಹೆಸರು. ನಾವು ನಕ್ಕರೆ, "ನಗಬ್ಯಾಡ್ರೋ, ಲೆಕ್ಕ ಉರ್ದುದಾಗ ಬರ್ತದ, ಜಗಳ ಕನ್ನಡದಾಗ ಬರ್ತದ. ನಾ ಏನ್ ಮಾಡ್ಲಿ?" ಅನ್ನೋರು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಆಮೇಲೆ ಉಸ್ಮಾನಿಯಾದ ಪಾಠ ಇಂಗ್ಲಿಷಿಗೆ ಹೊರಳಿತು. ಮೂವತ್ತು ವರ್ಷ ಕೂತು ಕಟ್ಟಿದ ಪದಗಳು ಕಪಾಟು ಸೇರಿದವು. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದಾಗ, ನಮ್ಮ ಮಾವನಂಥವರು ಕಚೇರಿಯ ಕನ್ನಡವನ್ನು ಹೊಸದಾಗಿ ಕಲಿಯಬೇಕಾಯಿತು. ಮನೆಮಾತು ಕನ್ನಡವೇ, ಅರ್ಜಿ ಬರೆಯಲು ಮಾತ್ರ ಬರುತ್ತಿರಲಿಲ್ಲ.

ಆ ಅನುವಾದಕರ ಶ್ರಮವನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಅಂಥ ಕೆಲಸ ಅಷ್ಟು ದೊಡ್ಡದಾಗಿ ನಡೆದದ್ದು ಕಡಿಮೆ. ಆದರೆ ಕನ್ನಡದಲ್ಲಿ ವಿಜ್ಞಾನ, ಕಾನೂನು ಬರಬೇಕು ಅಂತ ನಾವು ವೇದಿಕೆ ಮೇಲೆ ಹೇಳುವಾಗ, ತುಳು, ಕೊಡವ, ಲಂಬಾಣಿ ಮನೆಮಾತಿನ ಮಕ್ಕಳನ್ನೂ, ದಖನಿ ಆಡುವ ನಮ್ಮ ಪಕ್ಕದ ಮನೆಯ ಮಕ್ಕಳನ್ನೂ ಆ ಲೆಕ್ಕದಲ್ಲಿ ಜಮಾ ಹಿಡಿದಿದ್ದೇವೆಯೇ ಅಂತ ಒಮ್ಮೆ ನೋಡಿಕೊಳ್ಳಬೇಕು.