1905 ಹೆಸರು 287ಕ್ಕೆ ಇಳಿದಾಗ: ಕಾಸರಗೋಡಿನ ತಾಯಂದಿರು ಕೇಳಿದ ಲೆಕ್ಕ

2017ರ ಏಪ್ರಿಲ್‌ನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಸಂತ್ರಸ್ತರನ್ನು ಗುರುತಿಸಲು ವೈದ್ಯಕೀಯ ಶಿಬಿರ ನಡೆಯಿತು. ಕೂರಲಾಗದ ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡು ತಾಯಂದಿರು ಬಂದರು. ಶಿಬಿರದ ನಂತರ ಮೊದಲು ಸಿದ್ಧವಾದ ಪಟ್ಟಿಯಲ್ಲಿ 1905 ಹೆಸರಿತ್ತು. ಸರ್ಕಾರ ಒಪ್ಪಿ ಹೊರಬಿಟ್ಟ ಪಟ್ಟಿಯಲ್ಲಿ ಉಳಿದದ್ದು 287. ಮಿಕ್ಕ 1618 ಜನರ ಕಾಯಿಲೆ ಒಂದೇ ಸಲಕ್ಕೆ ವಾಸಿಯಾಯಿತೇ? ಇಲ್ಲ. ಕಾಗದದ ಮೇಲೆ ಮಾತ್ರ ಅವರು ಸಂತ್ರಸ್ತರಲ್ಲ ಅಂತಾಯಿತು.

ಮಾಗಡಿ ರಸ್ತೆಯ ಹೇರೋಹಳ್ಳಿಗೂ ಕಾಸರಗೋಡಿನ ಗೇರು ಗುಡ್ಡಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಇಲ್ಲಿಯೂ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದವರ ಹಣೆಬರಹ ನಿಂತಿರುವುದು ಒಂದು ಅಂಕಿಯ ಮೇಲೆಯೇ. ಡಾಕ್ಟರು 40 ಎಂದು ಬರೆದರೆ ಬಾಗಿಲು ತೆರೆಯುತ್ತದೆ, 38 ಎಂದು ಬರೆದರೆ ಮುಚ್ಚುತ್ತದೆ. ಆ ಅಂಕಿ ತಪ್ಪು ಅನ್ನಿಸಿದರೆ ಹೆಚ್ಚಿನವರು ಸುಮ್ಮನೆ ಮನೆಗೆ ಬರುತ್ತಾರೆ. ಕಾಸರಗೋಡಿನವರು ಸುಮ್ಮನೆ ಬರಲಿಲ್ಲ. ಅದಕ್ಕೇ ಅವರ ಕತೆ ಇಲ್ಲಿ.

ಕತೆ ಶುರುವಾಗುವುದು 1970ರ ದಶಕದ ಕೊನೆಯಲ್ಲಿ. ಕೇರಳ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರ್ ಗೇರು ಬೆಳೆಸಿತ್ತು. ಗೇರಿನ ಹೂವಿಗೆ ಬೀಳುವ ಟೀ ಸೊಳ್ಳೆಯ ಕಾಟಕ್ಕೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಇದು 2000ದವರೆಗೂ ನಡೆಯಿತು. ತೋಟ ಗುಡ್ಡದ ಮೇಲೆ, ಮನೆಗಳು ಕೆಳಗೆ. ಆ ಕಡೆ ಜನ ಕುಡಿಯುವ ನೀರು ತೆಗೆಯುವುದು ಸುರಂಗದಿಂದ, ಅಂದರೆ ಗುಡ್ಡವನ್ನು ಅಡ್ಡಕ್ಕೆ ಕೊರೆದ ನೀರಿನ ಗವಿಯಿಂದ. ಮೇಲೆ ಸುರಿದದ್ದು ಮಳೆಯ ಜೊತೆ ಎಲ್ಲಿಗೆ ಇಳಿಯುತ್ತದೆ ಅಂತ ಹೇಳಲು ವಿಜ್ಞಾನಿ ಬೇಕಿಲ್ಲ.

ಎಣ್ಮಕಜೆ ಪಂಚಾಯತಿಯ ಪಡ್ರೆ ಕನ್ನಡ, ತುಳು ಮಾತಾಡುವ ಊರು. ಅಲ್ಲಿನ ಪತ್ರಕರ್ತ ಶ್ರೀಪಡ್ರೆ ಊನ ಕಾಲಿನ ಕರುಗಳು ಹುಟ್ಟುತ್ತಿವೆ ಎಂದು ಬಹಳ ಮೊದಲೇ ಬರೆದರು. ಅದೇ ಊರಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಒಂದೇ ಸುತ್ತಿನ ಮನೆಗಳಲ್ಲಿ ಬುದ್ಧಿಮಾಂದ್ಯ, ಮೂರ್ಛೆರೋಗ, ಕ್ಯಾನ್ಸರ್ ಇಷ್ಟೊಂದು ಯಾಕೆ ಎಂದು ಮನೆ ಮನೆಯ ಲೆಕ್ಕ ಬರೆದಿಡತೊಡಗಿದರು. ನನ್ನ ಪ್ರಕಾರ ಇಡೀ ಹೋರಾಟದ ಬೇರು ಇರುವುದು ಆ ಲೆಕ್ಕದ ಪುಸ್ತಕದಲ್ಲಿ. ದೊಡ್ಡ ಆಸ್ಪತ್ರೆಗೆ ಒಬ್ಬೊಬ್ಬರೇ ಹೋದಾಗ ಅದು ಒಬ್ಬೊಬ್ಬರ ಕಾಯಿಲೆ. ಒಂದೇ ಊರಿನದ್ದನ್ನೆಲ್ಲ ಒಂದೇ ಕಡೆ ಬರೆದಾಗ ಅದು ಊರಿನ ಕಾಯಿಲೆ.

1998ರಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಪೆರಿಯದ ಲೀಲಾಕುಮಾರಿ ಅಮ್ಮ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ ಹೋಗಿ ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ತಂದರು. (ಚಿತ್ರದುರ್ಗದ ಹೊಸದುರ್ಗ ಅಲ್ಲ, ಕಾಞಂಗಾಡಿನ ಹೊಸದುರ್ಗ.) ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಮಕ್ಕಳನ್ನು ಸುಮಾರು 20 ಕಿಲೋಮೀಟರ್ ದೂರದ, ಸಿಂಪಡಣೆ ಇಲ್ಲದ ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. ಪಡ್ರೆಯ 117 ಹುಡುಗರು, ಆ ಕಡೆಯ 90 ಹುಡುಗರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ಹಾಕಿತು.

ವಿಷ ನಿಂತಿತು. ಆದರೆ ಯಾರಿಗೆ ಪರಿಹಾರ? ಜಗಳ ನಿಜಕ್ಕೂ ಶುರುವಾದದ್ದು ಇಲ್ಲಿಂದ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ಒಂದು ಅಳತೆ ಹೇಳಿತ್ತು. ಸತ್ತವರ ಕುಟುಂಬಕ್ಕೆ, ಹಾಸಿಗೆ ಹಿಡಿದವರಿಗೆ, ಇನ್ನೊಬ್ಬರ ನೆರವಿಲ್ಲದೆ ಚಲಿಸಲಾಗದವರಿಗೆ, ಬುದ್ಧಿಮಾಂದ್ಯರಿಗೆ 5 ಲಕ್ಷ ರೂಪಾಯಿ. ಬೇರೆ ಊನ ಇರುವವರಿಗೆ 3 ಲಕ್ಷ. ಕೇಳಲು ನ್ಯಾಯವೇ. ಆದರೆ ದುಡ್ಡು ಬರಬೇಕಾದರೆ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿಗೆ ಸೇರಬೇಕಾದರೆ ಶಿಬಿರದ ಡಾಕ್ಟರು ಒಪ್ಪಬೇಕು. ಅದರ ಮೇಲೆ, ಸರ್ಕಾರ 11 ಪಂಚಾಯತಿಗಳನ್ನು ಪೀಡಿತ ಪ್ರದೇಶ ಎಂದು ಗೆರೆ ಎಳೆದಿತ್ತು. ಗಾಳಿಗೆ ಪಂಚಾಯತಿ ಗಡಿ ಗೊತ್ತಿಲ್ಲ. ಮದುವೆಯಾಗಿ ಪಕ್ಕದ ಪಂಚಾಯತಿಗೆ ಹೋದ ಹೆಣ್ಣುಮಗಳಿಗೂ ಗೊತ್ತಿಲ್ಲ.

ಶಿಬಿರದಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದಲ್ಲ, ಎರಡು. ಈ ಮಗುವಿಗೆ ಎಷ್ಟು ಊನ ಇದೆ ಎನ್ನುವುದು ಮೊದಲನೆಯದು. ಅದನ್ನು ಕಣ್ಣಲ್ಲಿ ನೋಡಬಹುದು, ಅಳೆಯಬಹುದು. ಈ ಊನ ಎಂಡೋಸಲ್ಫಾನ್‌ನಿಂದಲೇ ಬಂತೇ ಎನ್ನುವುದು ಎರಡನೆಯದು. ಸಿಂಪಡಣೆ ನಿಂತು 17 ವರ್ಷ ಆದ ಮೇಲೆ ಒಂದು ಮಗುವಿನ ರಕ್ತ ತೆಗೆದು ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ತಾಯಿ ಎಲ್ಲಿದ್ದಳು, ಯಾವ ವರ್ಷ, ಯಾವ ನೀರು ಕುಡಿದಳು ಎಂದು ನೋಡಿ ಅಂದಾಜಿನಲ್ಲೇ ತೀರ್ಮಾನಿಸಬೇಕು. ಅಂದಾಜಿನಲ್ಲಿ ಸಂಶಯ ಬಂದರೆ ಅದರ ಲಾಭ ಯಾರಿಗೆ ಹೋಗಬೇಕು? ವಿಷ ಸುರಿದ ಸರ್ಕಾರಕ್ಕೋ, ಕೆಳಗೆ ನಿಂತಿದ್ದ ತಾಯಿಗೋ? 1905 ಹೆಸರು 287 ಆದಾಗ ಸಂಶಯದ ಲಾಭವನ್ನು ಸರ್ಕಾರವೇ ಇಟ್ಟುಕೊಂಡಿತು.

ತಾಯಂದಿರು ಮೊದಲು ಕೇಳಿದ್ದು ದುಡ್ಡಲ್ಲ, ಲೆಕ್ಕ. ಮೊದಲ ಪಟ್ಟಿಯಲ್ಲಿ ಇದ್ದ ಹೆಸರು ಎರಡನೆಯದರಲ್ಲಿ ಯಾಕಿಲ್ಲ? ಒತ್ತಡ ಬಂದ ಮೇಲೆ 76 ಹೆಸರು ಸೇರಿದವು. ಅಷ್ಟಕ್ಕೆ ಅವರು ಬಿಡಲಿಲ್ಲ. 2019ರ ಜನವರಿ ಕೊನೆಯಲ್ಲಿ ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕುಳಿತರು. ಸಮಾಜ ಸೇವಕಿ ದಯಾಬಾಯಿ ಅವರ ಜೊತೆ ಉಪವಾಸ ಕೂತರು. ಫೆಬ್ರವರಿ 3ರಂದು ಸರ್ಕಾರ ಮಾತುಕತೆಗೆ ಬಂದು, ಬಿಟ್ಟುಹೋದವರಲ್ಲಿ 2017ಕ್ಕೆ 18 ವರ್ಷ ತುಂಬಿರದ 511 ಮಂದಿಯನ್ನು ಸೇರಿಸಲು ಒಪ್ಪಿತು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಸೇರಿಸಿದ್ದಲ್ಲ ಇದು, ಮಾತುಕತೆಯಲ್ಲಿ ವಯಸ್ಸು ನೋಡಿ ಸೇರಿಸಿದ್ದು. ಹಾಗಾದರೆ ಮೊದಲು ಬಿಟ್ಟದ್ದು ಯಾವ ವೈದ್ಯಶಾಸ್ತ್ರದ ಮೇಲೆ?

ಪಟ್ಟಿಯಲ್ಲಿ ಇದ್ದವರ ಪಾಡೂ ಸುಲಭವಿರಲಿಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಎಲ್ಲ ಸಂತ್ರಸ್ತರಿಗೂ ಮೂರು ತಿಂಗಳಲ್ಲಿ 5 ಲಕ್ಷ ಕೊಡಿ ಎಂದಿತ್ತು. ಐದು ವರ್ಷ ಕಳೆಯಿತು. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ ಸರ್ಕಾರ ತಲಾ 5 ಲಕ್ಷ ಕೊಟ್ಟು ಕೋರ್ಟಿನ ಮುಂದೆ ಬಂದು ನಿಂತಿತು. 2022ರ ಮೇ 13ರ ಆದೇಶದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಇದನ್ನು ಕಟುವಾಗಿ ಟೀಕಿಸಿತು. ಕೋರ್ಟಿಗೆ ಬರಲು ಶಕ್ತಿ ಇದ್ದವರಿಗೆ ಮಾತ್ರ ಪರಿಹಾರವೇ ಎನ್ನುವುದು ಅದರ ತಿರುಳು. ಆ ಎಂಟು ಮಂದಿಗೆ ತಲಾ 50,000 ರೂಪಾಯಿ ಖರ್ಚು ಕೊಡಲು ಹೇಳಿತು. ಉಳಿದವರಿಗೆ ಪರಿಹಾರ ತಲುಪಿಸುವುದನ್ನು ನೋಡಿಕೊಳ್ಳಲು ಮುಖ್ಯ ಕಾರ್ಯದರ್ಶಿ ತಿಂಗಳಿಗೊಮ್ಮೆ ಸಭೆ ನಡೆಸಬೇಕು ಎಂದಿತು.

ಗಡಿಯ ಈಚೆಗೂ ಇದೇ ವಿಷ ಬಿದ್ದಿದೆ. ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆ ಸುತ್ತ ನಮ್ಮ ರಾಜ್ಯದ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಎಂಡೋಸಲ್ಫಾನ್ ಸುರಿಯಲಾಯಿತು. ಕೊಕ್ಕಡದ ಶ್ರೀಧರ ಗೌಡರು ಕಣ್ಣು ಕಾಣದಿದ್ದರೂ ಸಂತ್ರಸ್ತರನ್ನು ಒಟ್ಟು ಸೇರಿಸಿ ಹೋರಾಡಿದರು. ಕರ್ನಾಟಕದಲ್ಲಿ ಮಾಸಾಶನ ಬಂತು. ಇಲ್ಲಿ ಗೆರೆ ಬಿದ್ದದ್ದು ಶೇಕಡಾವಾರು. ಊನ ಶೇ 25ರಿಂದ 60ರ ಒಳಗಿದ್ದರೆ 1,500 ರೂಪಾಯಿ, 60 ದಾಟಿದರೆ 3,000, ಮೊದಲು ಗೊತ್ತಾದ ದರ ಹೀಗಿತ್ತು. ಶೇ 58 ಎಂದು ಬರೆದ ಡಾಕ್ಟರ ಪೆನ್ನು ಆ ಮನೆಯ ತಿಂಗಳ ಆದಾಯವನ್ನು ಅರ್ಧ ಮಾಡಿತು ಎಂದೇ ಅರ್ಥ.

ಈ ಶೇಕಡಾ ಎಲ್ಲಿಂದ ಬಂತು? ಯಾರಿಗೆ ಅಂಗವಿಕಲ ಎನ್ನಬೇಕು ಎಂದು ಕೇಂದ್ರ ಸರ್ಕಾರ 1986ರಲ್ಲಿ ವ್ಯಾಖ್ಯೆ ಕೊಟ್ಟಿತು. 1995ರ ಕಾಯ್ದೆ ಶೇ 40ನ್ನು ಕಾನೂನಿನಲ್ಲೇ ಬರೆಯಿತು. ಅಳೆಯುವ ವಿಧಾನದ ಮಾರ್ಗಸೂಚಿ 2001ರಲ್ಲಿ ಬಂತು, 2018ರಲ್ಲಿ ಬದಲಾಯಿತು, 2024ರ ಮಾರ್ಚ್‌ನಲ್ಲಿ ಮತ್ತೆ ಬದಲಾಯಿತು. ಅಂಗವೈಕಲ್ಯದ ಬಗೆಗಳು ಮೊದಲು 7 ಇದ್ದವು, 2016ರ ಕಾಯ್ದೆಯಲ್ಲಿ 21 ಆದವು. ಅಂದರೆ ನಿನ್ನೆ ಅಂಗವಿಕಲ ಅಲ್ಲದವನು ಇವತ್ತು ಹೌದು. ದೇಹ ಅದೇ, ಬದಲಾದದ್ದು ಅಳತೆಗೋಲು. ಮನುಷ್ಯರು ಮಾಡಿದ ಅಳತೆಯನ್ನು ಮನುಷ್ಯರು ಪ್ರಶ್ನಿಸಬಹುದು ಅಂತ ಕಾನೂನಿಗೂ ಗೊತ್ತು. ಅದಕ್ಕೇ 2016ರ ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ದಾರಿ ಇಟ್ಟಿದೆ.

ಪ್ರಮಾಣಪತ್ರ ನಿರಾಕರಿಸಿದರೆ ವೈದ್ಯಕೀಯ ಪ್ರಾಧಿಕಾರ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ನಿಯಮದಲ್ಲಿ ಇದಕ್ಕೆ 8ನೇ ನಮೂನೆ ಎಂದೇ ಇದೆ. ಕೌಂಟರಿನಲ್ಲಿ ಬಾಯಿಮಾತಲ್ಲಿ ಆಗಲ್ಲ ಹೋಗಮ್ಮ ಎಂದರೆ ಅದು ನಿರಾಕರಣೆಯಲ್ಲ, ಓಡಿಸುವುದು. ಮೊದಲು ಕಾಗದ ಕೇಳಿ. ಅಂಕಿ ಕಡಿಮೆ ಹಾಕಿದ್ದಾರೆ ಅನ್ನಿಸಿದರೆ ನಿಮ್ಮ ತಪಾಸಣೆಯ ದಾಖಲೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಯಾವ ಮಾರ್ಗಸೂಚಿಯಂತೆ, ಯಾವ ಕೀಲಿಗೆ, ಯಾವ ಕಿವಿಗೆ ಎಷ್ಟು ಹಾಕಿದ್ದಾರೆ ಎಂದು ಗೊತ್ತಾದ ಮೇಲೆಯೇ ಮೇಲ್ಮನವಿಗೆ ಬಲ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ರಾಜ್ಯ ಅಂಗವಿಕಲರ ಆಯುಕ್ತರಿಗೂ ದೂರು ಕೊಡಬಹುದು. ಇದೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹಳೆಯ ಆಸ್ಪತ್ರೆ ಚೀಟಿ, ಸ್ಕ್ಯಾನ್, ಶಾಲೆಯ ದಾಖಲೆ ಎಲ್ಲ ಒಂದು ಕವರಿನಲ್ಲಿ ಇದ್ದರೆ ಅರ್ಧ ಕೆಲಸ ಆದಂತೆ.

ಮತ್ತೆ ಕಾಸರಗೋಡಿನ ಲೆಕ್ಕಕ್ಕೆ ಬರೋಣ. 1905ರಲ್ಲಿ ಮೊದಲು 287 ಸೇರಿತು. ಆಮೇಲೆ 76. ತಿರುವನಂತಪುರದ ಧರಣಿಯ ನಂತರ 511. ಕಳೆದರೆ ಉಳಿಯುವುದು 1031. ಹೆಚ್ಚಿನವರು 2017ರಲ್ಲಿ 18 ದಾಟಿದ್ದವರು, ಅಂದರೆ ಹೆಲಿಕಾಪ್ಟರ್ ತಲೆಯ ಮೇಲೆ ಹಾರುತ್ತಿದ್ದ ವರ್ಷಗಳಲ್ಲೇ ಹುಟ್ಟಿದವರು ಅಥವಾ ಬೆಳೆದವರು. ಆ ಜಿಲ್ಲೆಯಲ್ಲಿ 1031 ಎಂದರೆ ಸಾಕು, ಯಾರ ಮಾತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. 2024ರಲ್ಲಿ ಅವರ ಮನೆಯವರು ಕಾಞಂಗಾಡಿನಲ್ಲಿ ಮತ್ತೆ ಧರಣಿ ಕೂತರು. ಕೇಳಿದ್ದು ಅದೇ ಹಳೆಯ ಪ್ರಶ್ನೆ: ಪಟ್ಟಿಯಲ್ಲಿದ್ದ ಹೆಸರನ್ನು ಹೊಡೆದದ್ದು ಯಾರು, ಯಾಕೆ?